ಹೆಡ್‌ಸೆಟ್ಟಿನೊಳಗಿನ ಜೀರುಂಡೆ

ದನಿಯೇ ಇಲ್ಲದ ಮನುಷ್ಯ ಇಷ್ಟೊಂದು ಬೈಯಬಲ್ಲ ಎಂದು ನನಗೆ ಗೊತ್ತಾದದ್ದು ದ್ವಾರಕನಾಥ್ ಅಂಕಲ್ ಅವರಿಂದ. ಗಂಟಲಿನ ಗಡ್ಡೆಯ ಜೊತೆ ಧ್ವನಿಪೆಟ್ಟಿಗೆಯನ್ನೂ ತೆಗೆದು ಡಾಕ್ಟರು ಅವರ ಜೀವ ಉಳಿಸಿ ವರ್ಷವಾಗುತ್ತಾ ಬಂದಿತ್ತು. ಅಂದಿನಿಂದ ಅವರ ಕೈಯಲ್ಲಿ ಒಂದು ಚಿಕ್ಕ ಬಿಳಿ ಬೋರ್ಡು, ಜೇಬಿನಲ್ಲಿ ಎರಡು ಮಾರ್ಕರ್ ಪೆನ್ನು. ಕಪ್ಪು ಮಾತಿಗೆ, ಕೆಂಪು ಬೈಗುಳಕ್ಕೆ. ಸಿಂಗಪುರದ ವುಡ್‌ಲ್ಯಾಂಡ್ಸ್‌ನ ಅವರ ಮನೆಗೆ ಹೋಗುವಾಗಲೆಲ್ಲ ನಾನೊಂದು ಕೆಂಪು ಪೆನ್ನು ಕೊಂಡೊಯ್ಯುತ್ತಿದ್ದೆ. ಬೇಗ ಮುಗಿಯುತ್ತಿದ್ದದ್ದು ಅದೇ.

ಮೊದಲು ಅವರ ದನಿ ಎಂಥದ್ದಿತ್ತೆಂದರೆ, ಟೋವಾ ಪಾಯೋದಲ್ಲಿ ನಮ್ಮ ಬ್ಲಾಕಿನ ವಾಯ್ಡ್ ಡೆಕ್ ಎಂಬ ತಳಮಹಡಿಯ ಖಾಲಿ ಜಾಗದಲ್ಲಿ ನಿಂತು "ನಳಿನೀ" ಎಂದರೆ ಒಂಬತ್ತನೇ ಮಹಡಿಯಲ್ಲಿ ನನ್ನ ಕೈಯಿಂದ ಸೌಟು ಬೀಳುತ್ತಿತ್ತು. ಮೈಸೂರಿನಿಂದ ಏರ್ ಕಂಡಿಷನಿಂಗ್ ಇಂಜಿನಿಯರ್ ಆಗಿ ಬಂದ ಈ ಮಹಾಶಯರಿಗೆ ರೇಡಿಯೋ ಹುಚ್ಚು. ನನಗೂ ಅದನ್ನು ಹತ್ತಿಸಿದವರು ಅವರೇ. ಮೈಸೂರಿನಲ್ಲಿರುವ ಅವರ ಅಕ್ಕ ಅನುಸೂಯಾ ಆಂಟಿ ಎಪ್ಪತ್ತು ವರ್ಷಗಳಿಂದ ತಮ್ಮನಿಗೆ ಹೇಳುತ್ತಾ ಬಂದ ಮಾತು ಒಂದೇ: "ಮೆಲ್ಲಗೆ ಮಾತಾಡೋ." ಅದೊಂದನ್ನು ಬಿಟ್ಟು ಅಕ್ಕನ ಮಾತನ್ನೆಲ್ಲ ಅಂಕಲ್ ಕೇಳಿದ್ದಾರೆ.

ಸಿಂಗಪುರದಲ್ಲಿ ನಾವು ಕನ್ನಡ ಬಲ್ಲ ಹವ್ಯಾಸಿ ರೇಡಿಯೋ ಮಂದಿ ಹದಿನಾಲ್ಕು ಜನ ಇದ್ದೆವು. ಪ್ರತಿ ಭಾನುವಾರ ಬೆಳಿಗ್ಗೆ ಹತ್ತಕ್ಕೆ ರೇಡಿಯೋದಲ್ಲಿ ಹಾಜರಿ. ಒಬ್ಬರು ಪಟ್ಟಿ ಹಿಡಿದು ಹೆಸರು ಕರೆಯುತ್ತಾರೆ, ಉಳಿದವರು ತಂತಮ್ಮ ಮನೆಯಿಂದ ಕಾಲ್ ಸೈನ್, ಅಂದರೆ ಲೈಸೆನ್ಸಿನ ಗುರುತಿನ ಅಕ್ಷರ, ಹೇಳಿ "ಹಾಜರ್" ಎನ್ನುತ್ತಾರೆ. ಒಳ್ಳೆಯ ಸುದ್ದಿ ಬಂದರೆ ಎಲ್ಲರೂ ಮೈಕಿನ ಗುಂಡಿಯನ್ನು ಟಕ್ ಟಕ್ ಎಂದು ಎರಡು ಸಲ ಒತ್ತುತ್ತಾರೆ. ಅದೇ ನಮ್ಮ ಚಪ್ಪಾಳೆ. ಇದನ್ನೆಲ್ಲ ಶುರು ಮಾಡಿದವರೂ ಅಂಕಲ್, ಅದಕ್ಕೆ ನಿಯಮ ಬರೆದವರೂ ಅಂಕಲ್. ಸತತ ಐವತ್ತೆರಡು ಭಾನುವಾರ ಬಾರದವರ ಹೆಸರು ಪಟ್ಟಿಯಿಂದ ಔಟ್. ಫೋನು, ಎಸ್ಎಂಎಸ್ಸು ನಡೆಯುವುದಿಲ್ಲ. ಬೇರೆಯವರು ಪರವಾಗಿ ಮಾತಾಡುವಂತಿಲ್ಲ. ತನ್ನ ರೇಡಿಯೋದಿಂದ ತಾನೇ ಬರಬೇಕು.

ಈ ನಿಯಮದಿಂದ ಅಂಕಲ್ ಯಾರಿಗೂ ವಿನಾಯಿತಿ ಕೊಟ್ಟಿರಲಿಲ್ಲ. ಬಿಶಾನ್‌ನ ದಿವಾಕರ ಮಗು ಹುಟ್ಟಿತೆಂದು ಒಂದು ವರ್ಷ ನಾಪತ್ತೆಯಾದಾಗ, "ಮಗು ಹುಟ್ಟಿದ್ದು ಒಂದು ದಿನ, ನೀನು ಬರದೇ ಇದ್ದದ್ದು ವರ್ಷವಿಡೀ" ಎಂದು ಅವನನ್ನು ಪಟ್ಟಿಯಿಂದ ಕಿತ್ತುಹಾಕಿದ್ದರು. ಈಗ ಬರುವ ಭಾನುವಾರಕ್ಕೆ ಸ್ವತಃ ಅವರದೇ ಐವತ್ತೆರಡು ತುಂಬುತ್ತಿತ್ತು.

ಪಟ್ಟಿ ಈಗ ಸುಭಾಷ್ ಅವರ ಕೈಯಲ್ಲಿ. ಬ್ಯಾಂಕೊಂದರಲ್ಲಿ ನಿಯಮಪಾಲನೆ ನೋಡಿಕೊಳ್ಳುವವರು. ಅಂಥವರೇ ಕರಗಿ, "ಅಂಕಲ್, ನಿಮಗೆ ಎಕ್ಸೆಪ್ಷನ್ ಮಾಡೋಣ" ಎಂದು ಮನೆಗೆ ಬಂದು ಕೇಳಿದ್ದರು. ಅಂಕಲ್ ಕೆಂಪು ಪೆನ್ನು ತೆಗೆದು, "ರೂಲ್ ಮಾಡಿದ್ದು ನಾನು. ಮುರಿಯೋಕೆ ನೀನ್ಯಾರು?" ಎಂದು ಬರೆದು ಕೆಳಗೆ ಎರಡು ಗೆರೆ ಎಳೆದರು. ಪಾಪ, ಸುಭಾಷ್ ಕಾಫಿಯನ್ನೂ ಕುಡಿಯದೆ ಎದ್ದರು.

"ಮೋರ್ಸ್ ಕೋಡ್‌ನಲ್ಲಾದ್ರೂ ಬನ್ನಿ ಅಂಕಲ್," ಎಂದು ನಾನು ಹೇಳಿ ನೋಡಿದೆ. ಚುಕ್ಕೆ-ಗೆರೆಗಳ ಸದ್ದಿನಲ್ಲಿ ಅಕ್ಷರ ಕಳಿಸುವ ಆ ಪರೀಕ್ಷೆಯಲ್ಲಿ ಅವರು ಎರಡು ಸಲ ಡುಮ್ಕಿ ಹೊಡೆದಿದ್ದರು. ಬೋರ್ಡಿನ ಮೇಲೆ, "ಆ ಟಕಟಕ ಮರಕುಟುಕಕ್ಕೆ ಕಲಿಸು" ಎಂದು ಬಂತು. ಸ್ವಲ್ಪ ಹೊತ್ತಾದ ಮೇಲೆ ಕಪ್ಪು ಪೆನ್ನಿನಲ್ಲಿ, ಸಣ್ಣ ಅಕ್ಷರದಲ್ಲಿ ಇನ್ನೊಂದು ಮಾತು ಬರೆದರು. "ಆಸ್ಪತ್ರೇಲಿ ಸತ್ತುಹೋಗ್ತೀನಿ ಅಂತ ಅನ್ನಿಸಲಿಲ್ಲ ನಳಿನಿ. ಪಟ್ಟಿಯಿಂದ ಹೋದ್ರೆ ಅನ್ನಿಸುತ್ತೆ." ನಾನು ಓದುವಷ್ಟರಲ್ಲಿ ಅಂಗಿಯ ತೋಳಿನಿಂದಲೇ ಒರೆಸಿಬಿಟ್ಟರು.

ಪ್ಯಾಕೆಟ್ ರೇಡಿಯೋ ನೆನಪಾದದ್ದು ಆಗಲೇ. ಕಂಪ್ಯೂಟರಿನಲ್ಲಿ ಟೈಪ್ ಮಾಡಿದ್ದನ್ನು ಅದು ಕಿರಿಚುವ ಸದ್ದಾಗಿಸಿ ರೇಡಿಯೋಗೆ ಕೊಡುತ್ತದೆ. ಆ ಸದ್ದು ಗಾಳಿಯಲ್ಲಿ ಹೋಗುತ್ತದೆ. ಆ ಕಡೆಯ ಕಂಪ್ಯೂಟರು ಕೇಳಿಸಿಕೊಂಡು ಮತ್ತೆ ಅಕ್ಷರ ಮಾಡುತ್ತದೆ. ವಿವರಿಸಿದಾಗ ಅಂಕಲ್ ಎದ್ದು ಕೂತರು.

"ಇಂಟರ್ನೆಟ್ ಬೇಕಾ?" ಬೋರ್ಡು ಕೇಳಿತು.

"ಬೇಡ ಅಂಕಲ್. ಪೂರ್ತಿ ರೇಡಿಯೋನೇ."

ಕೆಂಪು ಪೆನ್ನು. "ಒಂದು ವರ್ಷದಿಂದ ಬಾಯಲ್ಲಿ ಏನು ಕಡುಬು ಇಟ್ಕೊಂಡಿದ್ಯಾ?"

ಸುಭಾಷ್ ನಿಯಮಾವಳಿಯನ್ನು ಮೂರು ಸಲ ಓದಿ, ಅದರಲ್ಲಿ "ಬರಬೇಕು" ಎಂದಿದೆಯೇ ಹೊರತು "ಮಾತಾಡಬೇಕು" ಎಂದಿಲ್ಲವೆಂದು ತೀರ್ಪು ಕೊಟ್ಟರು. ತಮ್ಮ ಕಂಪ್ಯೂಟರಿನಲ್ಲಿ ಪ್ಯಾಕೆಟ್ ಸಾಫ್ಟ್‌ವೇರನ್ನು ಒಂದೇ ಗಂಟೆಯಲ್ಲಿ ಹಾಕಿಕೊಂಡು, ಅದರ ಫೋಟೋ ನನಗೆ ಕಳಿಸಿದರು. ಹೊಟ್ಟೆ ಉರಿಯಿತು. ಏಕೆಂದರೆ ನನಗೆ ಸಿಕ್ಕಿದ್ದು ಅಂಕಲ್ ಅವರ ಹಳೆಯ ಲ್ಯಾಪ್‌ಟಾಪು. ಅದಕ್ಕೆ ವಿಂಡೋಸ್ ಬದಲು ಲಿನಕ್ಸ್ ಹಾಕಿಕೊಟ್ಟಿದ್ದವಳು ನಾನೇ, ಹಾಗಾಗಿ ಬಾಯಿ ಮುಚ್ಚಿಕೊಂಡು ಮಂಗಳವಾರ ಅದನ್ನು ಮನೆಗೆ ಹೊತ್ತು ತಂದೆ.

ಲಿನಕ್ಸ್ ನನ್ನನ್ನು ನಾಲ್ಕು ದಿನ ಕುಣಿಸಿತು. ನಾನು ಆಫೀಸಿನಲ್ಲಿ ಡೇಟಾಬೇಸ್ ನೋಡಿಕೊಳ್ಳುವವಳು, ನೂರಾರು ಜನರಿಗೆ ಅನುಮತಿ ಕೊಡುವವಳು. ಮನೆಯ ಊಟದ ಮೇಜಿನ ಮೇಲೆ ಮಾತ್ರ, ಸದ್ದು ಹೊರಡಿಸುವ ಸೌಂಡ್ ಕಾರ್ಡ್ ಮುಟ್ಟಲು ನಿನಗೆ ಅನುಮತಿ ಇಲ್ಲ ಎಂದು ಆ ಲ್ಯಾಪ್‌ಟಾಪು ನನಗೇ ಹೇಳಿತು. ನನ್ನ ಹೆಸರನ್ನು ಅನುಮತಿ ಇರುವವರ ಗುಂಪಿಗೆ ಸೇರಿಸಿಕೊಂಡೆ. ಆಮೇಲೆ ಸದ್ದು ಹೆಚ್ಚಾಯಿತು, ಆಮೇಲೆ ಕಡಿಮೆಯಾಯಿತು, ಆಮೇಲೆ ಬೆಸುಗೆ ಹಾಕಲು ಹೋಗಿ ಬೆರಳು ಸುಟ್ಟಿತು. ಕೊನೆಗೆ ಬೆರಳುದ್ದದ ಒಂದು ಯುಎಸ್‌ಬಿ ಸೌಂಡ್ ಅಡಾಪ್ಟರನ್ನು ಲ್ಯಾಪ್‌ಟಾಪಿಗೆ ಸಿಕ್ಕಿಸಿ, ಅದರಿಂದ ಕೇಬಲ್ ಎಳೆದು ಅಂಕಲ್ ಅವರ ಕೈರೇಡಿಯೋಗೆ ಜೋಡಿಸಿದೆ. ಆ ರೇಡಿಯೋದಲ್ಲಿ ಒಂದು ಸೌಕರ್ಯವಿದೆ: ಸದ್ದು ಒಳಬಂದ ಕೂಡಲೇ ಕೆಂಪು ದೀಪ ಹತ್ತಿ ತಾನೇ ಪ್ರಸಾರ ಶುರು ಮಾಡುತ್ತದೆ. ಗುಂಡಿ ಒತ್ತುವ ಕೆಲಸವೂ ಇಲ್ಲ.

ಸಾಫ್ಟ್‌ವೇರಿಗೆ ಈ ಅಡಾಪ್ಟರಿನಂಥ ಯಾವ ಸೌಂಡ್ ಕಾರ್ಡ್ ಬಳಸಬೇಕೆಂದು, ಅದರ ಹೆಸರನ್ನೋ ನಂಬರನ್ನೋ, ಒಂದು ಕಡತದಲ್ಲಿ ಬರೆದುಕೊಡಬೇಕು. ಆಫೀಸಿನಲ್ಲಿ ಹೊಸ ಹುಡುಗರು ಹೀಗೆ ನೇರವಾಗಿ ನಂಬರು ಬರೆದಿಟ್ಟರೆ ನಾನು ಅವರ ಜನ್ಮ ಜಾಲಾಡುತ್ತೇನೆ. ನಂಬರು ಬದಲಾಗುತ್ತದೆ ಕಣ್ರೋ, ಹೆಸರು ಬರೆಯಿರಿ ಎಂದು ಸ್ಲೈಡ್ ಹಾಕಿ ಭಾಷಣ ಮಾಡಿದ್ದೇನೆ. ಅಂಥ ನಾನು ನನ್ನ ಈ ಕೈಯಿಂದಲೇ "1" ಎಂದು ಬರೆದೆ. ಅಡುಗೆಮನೆಯಿಂದ ಮಲಗುವ ಕೋಣೆಯಲ್ಲಿದ್ದ ನನ್ನ ಕಂಪ್ಯೂಟರಿಗೆ "ಉಪ್ಪಿಟ್ಟು ರೆಡಿ" ಎಂದು ಕಳಿಸಿದೆ. ಹೋಯಿತು! ಶನಿವಾರ ಮಧ್ಯಾಹ್ನ ನಲವತ್ತಾರು ವರ್ಷದ ಹೆಂಗಸು ಸೌಟು ಹಿಡಿದು ಒಬ್ಬಳೇ ಕುಣಿದದ್ದಕ್ಕೆ ಸಾಕ್ಷಿ ಇಲ್ಲ, ಅಷ್ಟು ಪುಣ್ಯ.

ಭಾನುವಾರ ಬೆಳಿಗ್ಗೆ ಲ್ಯಾಪ್‌ಟಾಪು, ಕೇಬಲ್, ನನ್ನ ಸ್ವಂತ ಕೈರೇಡಿಯೋ, ಒಂದು ಕೆಂಪು ಪೆನ್ನು ಎಲ್ಲ ಚೀಲಕ್ಕೆ ತುಂಬಿ ಎಂಆರ್‌ಟಿ ರೈಲು ಹತ್ತಿದೆ. ಅಂಕಲ್ ಮಗ ಪ್ರಕಾಶ ಹೆಂಡತಿ ಮಕ್ಕಳೊಂದಿಗೆ ಗಡಿಯಾಚೆಯ ಜೋಹೊರ್‌ಗೆ ಹೋಗಿದ್ದ. ಬಾಗಿಲು ತೆಗೆದ ಅಂಕಲ್ ಅವರನ್ನು ನೋಡಿ ನನಗೆ ನಗು ಬಂತು, ಜೊತೆಗೆ ದಿಗಿಲೂ ಆಯಿತು. ಗಡ್ಡ ಬೋಳಿಸಿ, ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಹಣೆಗೆ ಕುಂಕುಮ ಇಟ್ಟು ನಿಂತಿದ್ದರು. ರೇಡಿಯೋದಲ್ಲಿ ಯಾರಿಗೆ ಕಾಣುತ್ತದೆ ಇದೆಲ್ಲ? ಕಿಟಕಿಯಾಚೆ ಬಟ್ಟೆ ಒಣಗಿಸುವ ಬಿದಿರು ಗಳಕ್ಕೆ ಆಂಟೆನಾ ಕಟ್ಟಿಯಾಗಿತ್ತು, ಪಕ್ಕದಲ್ಲಿ ಪ್ರಕಾಶನ ಬನಿಯನ್ನುಗಳು ಹಾರಾಡುತ್ತಿದ್ದವು.

ಮೇಜಿನ ಮೇಲೆ ಅಂಕಲ್ ಅವರ ಹೆಡ್‌ಸೆಟ್ ಇತ್ತು. ಪ್ರತಿ ಭಾನುವಾರ ಹನ್ನೊಂದಕ್ಕೆ ಅನುಸೂಯಾ ಆಂಟಿ ಸ್ಕೈಪ್‌ನಲ್ಲಿ ಕರೆ ಮಾಡಿ ಒಂದು ಗಂಟೆ ಮಾತಾಡುತ್ತಾರೆ, ಅಂಕಲ್ ಕಿವಿಗಿಟ್ಟುಕೊಂಡು ಕೇಳುತ್ತಾ ಉತ್ತರ ಟೈಪ್ ಮಾಡುತ್ತಾರೆ. ಕರೆ ಬಂದರೆ ಅಂಕಲ್ ಗುಂಡಿ ಹುಡುಕುವುದರೊಳಗೆ ಆಂಟಿಗೆ ಸಿಟ್ಟು ಬರುತ್ತದೆಂದು, ಕರೆಯನ್ನು ತಾನೇ ಎತ್ತಿಕೊಳ್ಳುವಂತೆ ಸ್ಕೈಪನ್ನು ನಾನೇ ಹೊಂದಿಸಿಕೊಟ್ಟಿದ್ದೆ. ಹೆಡ್‌ಸೆಟ್ಟಿಗೂ ಇಂಥದೇ ಬೆರಳುದ್ದದ ಅಡಾಪ್ಟರು. ಎರಡನ್ನೂ ನಾನು ಒಂದೇ ಅಂಗಡಿಯಲ್ಲಿ, ಒಂದೇ ಡಬ್ಬಿಯಿಂದ ಆರಿಸಿದ್ದು. ಅಂಕಲ್ ಶಿಸ್ತಾಗಿ ಹೆಡ್‌ಸೆಟ್ ಸಿಕ್ಕಿಸಿದರು, ಪಕ್ಕದಲ್ಲಿ ನಾನು ರೇಡಿಯೋ ಸಿಕ್ಕಿಸಿದೆ. ಇಂಟರ್ನೆಟ್ಟಿನ ಕಿರಿಕಿರಿ ಬೇಡವೆಂದು ವೈಫೈ ಆರಿಸಿದೆ.

ಒಂಬತ್ತೂವರೆಗೆ ಪರೀಕ್ಷೆ ಮಾಡಿದೆವು. ನಾನು ಕಳಿಸುವ ಗುಂಡಿ ಒತ್ತಿದೆ. "ಕಳಿಸಿದೆ" ಎಂದಿತು ಪರದೆ. ರೇಡಿಯೋದ ಕೆಂಪು ದೀಪ ಹತ್ತಲಿಲ್ಲ. ಮತ್ತೆ ಒತ್ತಿದೆ. "ಕಳಿಸಿದೆ." ದೀಪವಿಲ್ಲ. ಎಲ್ಲಿಗೆ ಕಳಿಸಿದೆಯೋ ಮೂದೇವಿ? ಕೇಬಲ್ ಬಿಚ್ಚಿ ಊದಿದೆ, ಬ್ಯಾಟರಿ ತೆಗೆದು ಹಾಕಿದೆ, ಸದ್ದನ್ನು ತುದಿಯವರೆಗೆ ಏರಿಸಿದೆ.

ಅಂಕಲ್ ನನ್ನ ತೋಳು ತಟ್ಟಿದರು. ಬೋರ್ಡಿನಲ್ಲಿ ಹೀಗಿತ್ತು: "ಹೆಡ್‌ಸೆಟ್ ಒಳಗೆ ಜೀರುಂಡೆ ಸೇರಿದೆ. ಆಗಾಗ ಕೂಗುತ್ತೆ."

"ಅಂಕಲ್, ಇಲ್ಲಿ ನನ್ನ ಪ್ರಾಣ ಹೋಗ್ತಿದೆ. ಆಮೇಲೆ ನೋಡೋಣ. ಡ್ರಾಯರ್‌ನಲ್ಲಿ ಹಾಕಿ ಮುಚ್ಚಿಬಿಡಿ."

ಅವರು ಹೆಡ್‌ಸೆಟ್ಟನ್ನು ಡ್ರಾಯರಿಗೆ ತಳ್ಳಿ ಮುಚ್ಚಿದರು. ನಾನು ಮತ್ತೆ ಗುಂಡಿ ಒತ್ತಿದೆ, ದೀಪ ಮತ್ತೆ ಹತ್ತಲಿಲ್ಲ.

ಹತ್ತಾಯಿತು. ನನ್ನ ಕೈರೇಡಿಯೋದಲ್ಲಿ ಸುಭಾಷ್ ದನಿ ಬಂತು. ಅಂಕಲ್‌ಗೆ ಸಮಯ ಸಿಗಲೆಂದು ಅವರ ಹೆಸರನ್ನು ಕೊನೆಗೆ ಇಟ್ಟುಕೊಂಡಿದ್ದರು, ಬಾಯಿಬಿಟ್ಟು ಹೇಳಲಿಲ್ಲ ಅಷ್ಟೇ. ಎಲ್ಲಕ್ಕೂ ನಗುವ ನಮ್ಮ ಗುಂಡಪ್ಪ ಮೊದಲು ಹಾಜರ್ ಎಂದ. ಒಬ್ಬೊಬ್ಬರಾಗಿ ಎಲ್ಲರೂ ಬಂದರು. ನಾನೂ ಬೆವರುತ್ತಲೇ ಹಾಜರ್ ಎಂದೆ. ಹತ್ತೂಕಾಲಿಗೆ ಉಳಿದದ್ದು ಒಂದೇ ಹೆಸರು. ಅಂಕಲ್ ಅವರ ಗುರುತಾದ 'ಡೆಲ್ಟಾ ನವೆಂಬರ್' ಎಂದು ಮೂರು ಸಲ ಕರೆಯಬೇಕು, ನಡುವೆ ಎರಡೆರಡು ನಿಮಿಷ ಕಾಯಬೇಕು.

"ಡೆಲ್ಟಾ ನವೆಂಬರ್. ಮೊದಲನೇ ಕರೆ."

ಏನೂ ತೋಚದಾಗ ನಮ್ಮ ವೃತ್ತಿಯವರೆಲ್ಲ ಮಾಡುವುದನ್ನೇ ನಾನೂ ಮಾಡಿದೆ. ಲ್ಯಾಪ್‌ಟಾಪನ್ನು ಆರಿಸಿ ಮತ್ತೆ ಹಾಕಿದೆ. ಅದರ ಜೊತೆ ನಾನು ಆರಿಸಿಟ್ಟಿದ್ದ ವೈಫೈ ಕೂಡ ಎದ್ದಿತು, ಸ್ಕೈಪೂ ಎದ್ದಿತು. ಯಾರು ನೋಡುತ್ತಾರೆ ಅದನ್ನೆಲ್ಲ? ಸಾಫ್ಟ್‌ವೇರ್ ತೆರೆದು ಗುಂಡಿ ಒತ್ತಿದೆ. "ಕಳಿಸಿದೆ." ದೀಪವಿಲ್ಲ.

"ಡೆಲ್ಟಾ ನವೆಂಬರ್. ಎರಡನೇ ಕರೆ." ಸುಭಾಷ್ ದನಿ ಸಣ್ಣಗಾಗಿತ್ತು.

ಅಂಕಲ್ ಬೆನ್ನು ನೆಟ್ಟಗಿಟ್ಟು ಕೂತಿದ್ದರು. ವಾರವಿಡೀ ತಿದ್ದಿದ ನಾಲ್ಕು ಸಾಲಿನ ಸಂದೇಶ ಪರದೆಯ ಮೇಲೆ ಕಾಯುತ್ತಿತ್ತು. ಅವರು ಕಪ್ಪು ಪೆನ್ನು ತೆಗೆದು, "ಸಾಕು ಮಗಳೇ. ಹೆಸರು ಹೊಡೆದು ಹಾಕಲಿ" ಎಂದು ಬರೆದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಇಷ್ಟು ವರ್ಷದಲ್ಲಿ ಅವರು ನನ್ನನ್ನು ಮಗಳೇ ಎಂದದ್ದಿಲ್ಲ. ನನಗೆ ಅಳುವೂ ಬಂತು, ಆ ಲ್ಯಾಪ್‌ಟಾಪನ್ನು ಕಿಟಕಿಯಿಂದ ಎಸೆಯುವಷ್ಟು ಸಿಟ್ಟೂ ಬಂತು.

"ಡೆಲ್ಟಾ ನವೆಂಬರ್. ಮೂರನೇ ಕರೆ."

ಆಗ, ನಾವಿಬ್ಬರೂ ಏನನ್ನೂ ಮುಟ್ಟದೆ, ಅಂಕಲ್ ಅವರ ರೇಡಿಯೋದ ಕೆಂಪು ದೀಪ ತಾನಾಗಿ ಹತ್ತಿತು. ನನ್ನ ಕೈರೇಡಿಯೋ ಒಡೆದುಹೋಗುವ ಹಾಗೆ ಒಂದು ದನಿ ಹೊಮ್ಮಿತು.

"ಲೋ ದ್ವಾರಕಾ! ಒಂದು ವಾರದಿಂದ ಎಲ್ಲೋ ಹಾಳಾಗಿ ಹೋಗಿದ್ದೆ? ದಿನಾ ನೋಡ್ತೀನಿ, ಹಸಿರು ಚುಕ್ಕೆನೇ ಇಲ್ಲ! ಈಗ ಬಂದಿದ್ಯಾ? ಇಸಬ್‌ಗೋಲ್ ತಗೊಂಡ್ಯಾ? ಹೊಟ್ಟೆ ಸರಿಯಾಯ್ತಾ?"

ಮಂಗಳವಾರದಿಂದ ಲ್ಯಾಪ್‌ಟಾಪು ನನ್ನ ಮನೆಯಲ್ಲಿತ್ತಲ್ಲ! ತಮ್ಮನ ಸುಳಿವಿಲ್ಲದೆ ಕಂಗಾಲಾಗಿದ್ದ ಅನುಸೂಯಾ ಆಂಟಿ ಸ್ಕೈಪ್‌ನಲ್ಲಿ ಅವರ ಹೆಸರಿನ ಪಕ್ಕ ಹಸಿರು ಚುಕ್ಕೆ ಕಂಡ ಕೂಡಲೇ ಕರೆ ಮಾಡಿದ್ದರು. ಸ್ಕೈಪು ತಾನೇ ಎತ್ತಿಕೊಂಡಿತ್ತು. ಮೈಸೂರಿನಿಂದ ಆಂಟಿಯ ಪ್ರಶ್ನೆ ನೇರವಾಗಿ ಬಿದಿರು ಗಳದ ಆಂಟೆನಾ ಏರಿ ಸಿಂಗಪುರದ ಉದ್ದಗಲಕ್ಕೂ ಹೊರಟಿತ್ತು.

ಸುಭಾಷ್ ಆಗಲೂ ನಿಯಮ ಮರೆಯಲಿಲ್ಲ. "ಅನ್‌ನೋನ್ ಸ್ಟೇಷನ್, ಪ್ಲೀಸ್ ಐಡೆಂಟಿಫೈ ಯುವರ್‌ಸೆಲ್ಫ್," ಎಂದರು.

ಅದು ರೇಡಿಯೋದಿಂದ ಸ್ಕೈಪಿಗೆ ಹೋಗಿ ಮೈಸೂರು ತಲುಪಿತು. "ಯಾರಪ್ಪಾ ನೀನು, ನನ್ನ ತಮ್ಮನ ಮನೇಲಿ ಕೂತು ನನಗೇ ಇಂಗ್ಲಿಷ್ ಬಿಡ್ತಿರೋದು?"

"ಮೇಡಂ, ಇದು ಲೈಸೆನ್ಸ್ ಇರೋರು ಮಾತ್ರ ಮಾತಾಡೋ ಫ್ರೀಕ್ವೆನ್ಸಿ. ನಿಮ್ಮ ಕಾಲ್ ಸೈನ್ ಹೇಳಿ."

"ಕಾಲ್ ಸೈನೂ ಇಲ್ಲ, ಕೈ ಸೈನೂ ಇಲ್ಲ. ನಾನು ಅನುಸೂಯಾ, ಸರಸ್ವತಿಪುರಂ. ನನ್ನ ತಮ್ಮನ್ನ ಮಾತಾಡ್ಸೋಕೆ ನಿನ್ನ ಲೈಸೆನ್ಸ್ ಬೇಕಾ?"

ನಡುವೆ ಯಾರೋ ಗುಂಡಿ ಒತ್ತಿಕೊಂಡೇ ನಗುತ್ತಿದ್ದರು. ಗುಂಡಪ್ಪನೇ ಇರಬೇಕು. ನಾನು ಅಂಕಲ್ ಕಡೆ ತಿರುಗಿದೆ. ಅವರ ಭುಜಗಳು ಕುಣಿಯುತ್ತಿದ್ದವು, ಕಣ್ಣಿನಿಂದ ನೀರು ಇಳಿಯುತ್ತಿತ್ತು. ಸದ್ದೇ ಇಲ್ಲದೆ ಅವರು ಬಿದ್ದು ಬಿದ್ದು ನಗುತ್ತಿದ್ದರು. ಒಂದು ವರ್ಷದಲ್ಲಿ ಅವರು ನಕ್ಕದ್ದನ್ನು ನಾನು ನೋಡಿರಲಿಲ್ಲ.

ಆಗ ನನ್ನ ತಲೆಯೊಳಗೂ ದೀಪ ಹತ್ತಿತು. ಹೆಡ್‌ಸೆಟ್ಟಿಗೆ ಹೋಗಬೇಕಿದ್ದ ಆಂಟಿ ರೇಡಿಯೋಗೆ ಹೋಗಿದ್ದಾರೆ. ಹಾಗಾದರೆ ರೇಡಿಯೋಗೆ ಹೋಗಬೇಕಿದ್ದದ್ದು ಎಲ್ಲಿಗೆ ಹೋಗುತ್ತಿದೆ? ಡ್ರಾಯರ್ ಎಳೆದು ಕಳಿಸುವ ಗುಂಡಿ ಒತ್ತಿದೆ. ಹೆಡ್‌ಸೆಟ್ಟಿನೊಳಗೆ ಜೀರುಂಡೆ "ಝರ್ರ್" ಎಂದಿತು.

ನನ್ನ ಮನೆಯಲ್ಲಿ ಇದ್ದದ್ದು ರೇಡಿಯೋದ ಅಡಾಪ್ಟರ್ ಒಂದೇ, ಅದಕ್ಕೆ ಒಂದನೇ ನಂಬರು. ಇಲ್ಲಿ ಅಂಕಲ್ ಶಿಸ್ತಾಗಿ ಹೆಡ್‌ಸೆಟ್ಟನ್ನು ಮೊದಲು ಸಿಕ್ಕಿಸಿದರು, ಒಂದನೇ ನಂಬರು ಅದರ ಪಾಲಾಯಿತು, ರೇಡಿಯೋ ಎರಡಕ್ಕೆ ಇಳಿಯಿತು. ಅವಳಿ ಅಡಾಪ್ಟರುಗಳ ನಡುವೆ ಸ್ಕೈಪೂ ಯಾಮಾರಿತು. ಹೊಸ ಹುಡುಗರಿಗೆ ಸ್ಲೈಡ್ ಹಾಕಿ ಭಾಷಣ ಬಿಗಿದ ಮಹಾತಾಯಿ ನಾನು, ಒಂದು ನಂಬರಿನಿಂದ ಒಬ್ಬ ಮನುಷ್ಯನ ಹೆಸರನ್ನೇ ಕಳೆಯಲಿದ್ದೆ.

"ಅಂಕಲ್, ಜೀರುಂಡೆ ಅಲ್ಲ ಅದು, ನೀವೇ! ಇಷ್ಟೊತ್ತೂ ನೀವೇ ಕೂಗ್ತಿದ್ರಿ!" ಎಂದು ಕಿರುಚಿದೆ. ನನ್ನ ಕೈರೇಡಿಯೋ ಎತ್ತಿಕೊಂಡು, "ಸುಭಾಷ್, ಅಡಚಣೆ ಬಂದ್ರೆ ಕರೆ ಮತ್ತೆ ಮಾಡಬೇಕು ಅಂತ ರೂಲ್ ಇದೆಯಲ್ವಾ?" ಎಂದು ಕೇಳಿದೆ.

"ಇದೆ. ರೂಲ್ ನಂಬರ್ ಒಂಬತ್ತು," ಎಂದರು ಸುಭಾಷ್. ಅಷ್ಟು ಸಂತೋಷದಿಂದ ಯಾರೂ ನಿಯಮ ಹೇಳಿದ್ದನ್ನು ನಾನು ಕೇಳಿಲ್ಲ. "ಇದಕ್ಕಿಂತ ದೊಡ್ಡ ಅಡಚಣೆ ನಾನು ನೋಡಿಲ್ಲ. ಮೂರನೇ ಕರೆ ಮತ್ತೆ ಮಾಡ್ತೀನಿ. ಎರಡು ನಿಮಿಷ."

ಸ್ಕೈಪ್ ಮುಚ್ಚದೆ ರೇಡಿಯೋದ ಸೌಂಡ್ ಕಾರ್ಡ್ ಸಿಗುವುದಿಲ್ಲ. ಸ್ಕೈಪ್ ಮುಚ್ಚಬೇಕೆಂದರೆ ಅನುಸೂಯಾ ಆಂಟಿ ಮಾತಾಡುತ್ತಿರುವಾಗಲೇ ಕರೆ ಕತ್ತರಿಸಬೇಕು. ಅದನ್ನು ಅವರ ಜೀವಮಾನದಲ್ಲಿ ಯಾರೂ ಮಾಡಿರಲಿಕ್ಕಿಲ್ಲ. ನಾನು ಕೈ ಹಿಂದೆಗೆದೆ. ಅಂಕಲ್ ಒಂದು ಕ್ಷಣ ಅಕ್ಕನ ಹೆಸರನ್ನು ನೋಡಿದರು, ಕಣ್ಣು ಮುಚ್ಚಿ ಕೈಮುಗಿದರು, ಗುಂಡಿ ಒತ್ತಿಯೇಬಿಟ್ಟರು. "ಕಷಾಯ ಮಾಡ್ಕೊಂಡು..." ಎನ್ನುತ್ತಿದ್ದ ದನಿ ಅಲ್ಲಿಗೇ ನಿಂತಿತು.

ನಾನು ಕಡತ ತೆರೆದು 1 ಅಳಿಸಿ 2 ಬರೆದೆ. ಅಷ್ಟೇ. ಮಂಗಳವಾರದಿಂದ ಮಾಡಿದ ಒದ್ದಾಟಕ್ಕೆಲ್ಲ ಬೇಕಿದ್ದದ್ದು ಅಷ್ಟೇ.

"ಡೆಲ್ಟಾ ನವೆಂಬರ್. ಮೂರನೇ ಕರೆ."

ಅಂಕಲ್ ವಾರವಿಡೀ ತಿದ್ದಿದ ನಾಲ್ಕು ಸಾಲನ್ನು ಪೂರ್ತಿ ಅಳಿಸಿದರು. ಎರಡು ಬೆರಳಿನಲ್ಲಿ, ಇಂಗ್ಲಿಷ್ ಅಕ್ಷರದ ಕನ್ನಡದಲ್ಲಿ, ಟಕ ಟಕ ಏನೋ ಹೊಡೆದರು. ಕೈ ಅಡ್ಡ ಹಿಡಿದು ನನಗೂ ತೋರಿಸಲಿಲ್ಲ. ಎಂಟರ್ ಒತ್ತಿದರು.

ಕೆಂಪು ದೀಪ ಹತ್ತಿತು. ನನ್ನ ಕೈರೇಡಿಯೋದಲ್ಲಿ ಜೀರುಂಡೆ ಒಂದೇ ಒಂದು ಸಲ ಕೂಗಿ ಸುಮ್ಮನಾಯಿತು.

ಹೋಗಿಲ್ಲವೇನೋ ಎಂದುಕೊಂಡೆ. ಅಷ್ಟರಲ್ಲಿ ಸುಭಾಷ್ ಮೈಕ್ ಹಿಡಿದರು.

"ಕಾಲ್ ಸೈನ್ ಸರಿಯಾಗಿದೆ. ಸಂದೇಶ ಓದ್ತೀನಿ. 'ಹಾಜರ್. ಈಗ ಕೇಳಿದ್ದು ನಮ್ಮಕ್ಕನ ದನಿ. ನಂದು ಇದಕ್ಕಿಂತ ಜೋರು.'"

ಮೊದಲು ಗುಂಡಪ್ಪನ ಕಡೆಯಿಂದ ಟಕ್ ಟಕ್. ಆಮೇಲೆ ಇನ್ನೊಬ್ಬರು, ಮತ್ತೊಬ್ಬರು, ಕೊನೆಗೆ ಎಲ್ಲರೂ ಒಟ್ಟಿಗೆ. ಕೈರೇಡಿಯೋ ಟಕಟಕ ಎನ್ನುತ್ತಲೇ ಇತ್ತು. ಟಕಟಕ ಕಂಡರಾಗದ ಅಂಕಲ್ ಅದನ್ನು ಎರಡೂ ಕೈಯಿಂದ ಎತ್ತಿ ಕಿವಿಗೆ ಒತ್ತಿಕೊಂಡು ಕೂತರು. ನಾನು ಎಂದಾದರೂ ಅತ್ತಿದ್ದೇನೆಂದು ಯಾರೂ ನಂಬುವುದಿಲ್ಲ, ಆದರೆ ಅಂದು ಅತ್ತೆ, ನಗುತ್ತಲೇ.

ಅಷ್ಟರಲ್ಲಿ ನನ್ನ ಮೊಬೈಲ್ ಹೊಡೆದುಕೊಂಡಿತು. ಮೈಸೂರು.

"ನಳಿನಿ! ಅವನು ನನ್ನ ಫೋನ್ ಕಟ್ ಮಾಡ್ದ! ನನ್ನ ಫೋನ್ ಕಟ್ ಮಾಡೋಷ್ಟು ಧೈರ್ಯ ಬಂತಾ ಅವನಿಗೆ?"

"ಆಂಟಿ, ಬೈಬೇಡಿ. ಅಂಕಲ್ ಈಗ ರೇಡಿಯೋದಲ್ಲಿ ಮಾತಾಡಿದ್ರು. ಟೈಪ್ ಮಾಡಿ. ಎಲ್ಲರಿಗೂ ಕೇಳಿಸ್ತು."

ಆ ಕಡೆ ಆಂಟಿ ಫ್ಯಾನ್ ಆರಿಸಿದ ಸದ್ದು ಬಂತು.

"ಜೋರಾಗಿ ಮಾತಾಡಿದ್ನಾ?" ಎಂದರು ಆಂಟಿ.

"ಹೂಂ ಆಂಟಿ. ತುಂಬಾ ಜೋರಾಗಿ."

ಮೂಗು ಸೀಟಿಕೊಂಡದ್ದು ಕೇಳಿಸಿತು. "ಮೆಲ್ಲಗೆ ಮಾತಾಡು ಅಂತ ಹೇಳು ಅವನಿಗೆ," ಎಂದರು.

ಹೇಳಿದೆ. ಅಂಕಲ್ ಹೊಸ ಕೆಂಪು ಪೆನ್ನಿನ ಮುಚ್ಚಳ ತೆಗೆದರು.